ರೇಸು ನೋಡುವುದಾದರೆ ಬೇಲಿಯ ಹಿಂದೆ ನಿಂತು ನೋಡಿ

ಭಾನುವಾರ ಸಂಜೆ ಐದೂವರೆ ಆಯಿತೆಂದರೆ ಕೋಲಾರದ ಹೊರಗೆ ಹೆದ್ದಾರಿ ಬದಿಯಲ್ಲಿ ಜನ ಸೇರುತ್ತಾರೆ. ಜಾತ್ರೆಯಲ್ಲ, ಪರಿಷೆಯಲ್ಲ, ಮಂತ್ರಿಗಳ ಸಭೆಯೂ ಅಲ್ಲ. ಸರ್ವಿಸ್ ರಸ್ತೆಯ ಕಟ್ಟೆ ಮೇಲೆ ನಲವತ್ತು ಜನ, ಡಿವೈಡರ್ ಮೇಲೆ ಹತ್ತು ಜನ, ಕಡಲೆಕಾಯಿ ಗಾಡಿ ಒಂದು, ಟೀ ಕ್ಯಾನು ಹಿಡಿದ ಹುಡುಗ ಒಬ್ಬ. ಏನಪ್ಪಾ ಸಂಗತಿ ಎಂದು ಕೇಳಿದರೆ, "ವೀಲಿಂಗು ಸಾರ್, ರೇಸು ಬಿಡ್ತಾರೆ, ಈಗ ಬರ್ತಾರೆ ನೋಡಿ" ಎಂಬ ಉತ್ತರ.

ಬರುತ್ತಾರೆ, ನಿಜ. ಸೈಲೆನ್ಸರ್ ಕಿತ್ತ ಬೈಕುಗಳು, ನಂಬರ್ ಪ್ಲೇಟನ್ನು ಮೇಲಕ್ಕೆ ಮಡಚಿದ ಸ್ಕೂಟರುಗಳು. ಮೀಸೆ ಮೂಡದ ಹುಡುಗರು. ಮುಂದಿನ ಚಕ್ರ ಆಕಾಶಕ್ಕೆ, ಹಿಂದಿನ ಚಕ್ರ ಭೂಮಿಗೆ. ಹೆಲ್ಮೆಟ್ ಕೇಳಬೇಡಿ. ಜನ ಶಿಳ್ಳೆ ಹೊಡೆಯುತ್ತಾರೆ, ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾರೆ. ಶಿಳ್ಳೆ ಹೆಚ್ಚಾದಷ್ಟೂ ಚಕ್ರ ಮೇಲೇರುತ್ತದೆ.

ಕಳೆದ ತಿಂಗಳು ಇಂಥದೇ ಒಂದು ಸಂಜೆ ಒಬ್ಬ ಹುಡುಗನ ಕೈ ತಪ್ಪಿತು. ಬೈಕು ಮಲಗಿಕೊಂಡು, ಕಿಡಿ ಕಾರುತ್ತಾ, ಸೀದಾ ಡಿವೈಡರ್ ಕಡೆಗೆ ಜಾರಿತು. ಓಡಿಸಿದವನಿಗೆ ಮೊಣಕೈ ತರಚಿತು ಅಷ್ಟೇ. ಡಿವೈಡರ್ ಮೇಲೆ ನಿಂತು ನೋಡುತ್ತಿದ್ದ ಟೊಮೆಟೊ ಮಂಡಿಯ ಹಮಾಲಿಯೊಬ್ಬರ ಮೊಣಕಾಲಿನ ಕೆಳಗಿನ ಮೂಳೆ ಎರಡು ತುಂಡಾಯಿತು. ಹುಡುಗ ಬೈಕು ಎತ್ತಿಕೊಂಡು ಪರಾರಿ. ನಂಬರು ಯಾರೂ ನೋಡಿಲ್ಲ. ಅಷ್ಟು ಮೊಬೈಲು ಚಿತ್ರ ಹಿಡಿಯುತ್ತಿದ್ದವು, ಒಂದರಲ್ಲೂ ನಂಬರಿಲ್ಲ! ಐವತ್ತು ಜನ ಐದು ನಿಮಿಷದಲ್ಲಿ ಐದು ಜನ ಆದರು.

ಮಂಡಿಯ ಹಂಗಾಮಿನಲ್ಲಿ ದಿನಕ್ಕೆ ನೂರಾರು ಬಾಕ್ಸು ಎತ್ತಿ ಲಾರಿಗೆ ಹಾಕುವ ಮನುಷ್ಯ ಈಗ ಮನೆಯ ಜಗಲಿ ಮೇಲೆ ಕಾಲು ಚಾಚಿಕೊಂಡು ಕೂತಿದ್ದಾರೆ. ನೋಡಲು ಹೋಗಿದ್ದೆ. "ನಾನು ಏನೂ ಮಾಡ್ಲಿಲ್ಲಣ್ಣ, ಸುಮ್ನೆ ನೋಡ್ತಾ ನಿಂತಿದ್ದೆ" ಎಂದರು. ಅವರ ಹೆಂಡತಿ ಮಾತ್ರ ಸುಮ್ಮನಿರಲಿಲ್ಲ. "ನೋಡೋಕೆ ಬೇರೆ ಜಾಗ ಸಿಗ್ಲಿಲ್ವಾ ಇವರಿಗೆ?" ಎಂದು ಕೇಳಿದರು.

ಆ ತಾಯಿ ಸಿಟ್ಟಿನಲ್ಲಿ ಕೇಳಿದ ಮಾತು. ಆದರೆ ಯೋಚನೆ ಮಾಡಿದರೆ ಅದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ. ಬೇರೆ ಜಾಗ ಇದೆ. ಇವತ್ತಿನ ಅಂಕಣ ಆ ಜಾಗದ ಬಗ್ಗೆ.

ಚೆನ್ನೈ ಬಸ್ಸಿನ ದಾರಿಯಲ್ಲೇ ಇದೆ

ನಮ್ಮೂರಿನಿಂದ ಮುಳಬಾಗಿಲು, ಪಲಮನೇರು, ಚಿತ್ತೂರು, ರಾಣಿಪೇಟೆ ದಾಟಿ ಚೆನ್ನೈಗೆ ಹೋಗುವ ಬಸ್ಸು ಶ್ರೀಪೆರಂಬುದೂರಿನ ಮೇಲೇ ಹೋಗುತ್ತದೆ. ರಾಮಾನುಜಾಚಾರ್ಯರು ಹುಟ್ಟಿದ ಊರು. 1991ರಲ್ಲಿ ರಾಜೀವ್ ಗಾಂಧಿಯವರು ಹತರಾದ ಊರು. ಅಲ್ಲಿಂದ ಚೆನ್ನೈ ಕಡೆಗೆ ಸ್ವಲ್ಪ ದೂರ ಹೋದರೆ ಇರುಂಗಾಟ್ಟುಕೋಟೆ. ಹುಂಡೈ ಕಾರಿನ ಕಾರ್ಖಾನೆ ಇರುವ ಜಾಗ. ವ್ಯಾಪಾರಕ್ಕೆಂದು ಆ ದಾರಿಯಲ್ಲಿ ನೂರು ಸಲ ಹೋಗಿ ಬಂದ ನಮ್ಮ ಅಂಗಡಿಕಾರರಿಗೂ ಅಲ್ಲೊಂದು ರೇಸ್ ಟ್ರ್ಯಾಕ್ ಇದೆ ಅನ್ನುವುದು ಗೊತ್ತಿರಲಿಕ್ಕಿಲ್ಲ.

ಅದನ್ನು ಕಟ್ಟಿದ್ದು 1953ರಲ್ಲಿ ಶುರುವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು. ಮೊದಲು ಈ ಕ್ಲಬ್ಬಿನ ರೇಸುಗಳು ನಡೆಯುತ್ತಿದ್ದದ್ದು ಚೆನ್ನೈನ ಉತ್ತರಕ್ಕಿರುವ ಶೋಲಾವರಂನಲ್ಲಿ. ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿ ಅದು. ಯುದ್ಧ ಮುಗಿದು ವಿಮಾನ ಹೋದ ಮೇಲೆ ಅದೇ ಕಾಂಕ್ರೀಟಿನ ಮೇಲೆ ಕಾರು, ಬೈಕು ಓಡಿದವು. ಆಮೇಲೆ ಇರುಂಗಾಟ್ಟುಕೋಟೆಯಲ್ಲಿ ಸ್ವಂತ ಟ್ರ್ಯಾಕು ಕಟ್ಟಿ, 1990ರಿಂದ ಅಲ್ಲಿ ಓಟ ಶುರು ಮಾಡಿದರು. ಪೂರ್ತಿ ಸುತ್ತು 3.717 ಕಿಲೋಮೀಟರು. ಹನ್ನೆರಡು ತಿರುವು. ದೇಶದ ಬೈಕ್ ಚಾಂಪಿಯನ್‌ಶಿಪ್ಪು, ಕಾರ್ ಚಾಂಪಿಯನ್‌ಶಿಪ್ಪು ಅಂತ ಏನು ನಡೆಯುತ್ತದೋ ಅದರ ಬಹುಪಾಲು ಸುತ್ತು ಅಲ್ಲಿ, ಇಲ್ಲವೇ ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲಿ.

ಟೇಕಲ್ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಹಿರಿಯ ಮೇಸ್ತ್ರಿಯೊಬ್ಬರು ಹುಡುಗರಾಗಿದ್ದಾಗ ಶೋಲಾವರಂಗೆ ಹೋಗಿ ಬಂದವರು. ಹುಲ್ಲಿನ ಪೆಂಡಿಯ ಹಿಂದೆ ನಿಂತು ರೇಸು ನೋಡಿದ್ದನ್ನು ಇವತ್ತಿಗೂ ಹೇಳುತ್ತಾರೆ. ಒಂದು ಸಲ ಅವರ ಜೊತೆ ಇರುಂಗಾಟ್ಟುಕೋಟೆಗೆ ಹೋಗಿದ್ದೆ. ಹೋದವನೇ ಸೀದಾ ನೇರ ದಾರಿಯ ಪಕ್ಕ ಜಾಗ ಹಿಡಿದೆ. ಅಲ್ಲೇ ಅತಿ ವೇಗ ಅಲ್ಲವೇ? ಅಲ್ಲೇ ಮಜಾ ಅಂತ ನನ್ನ ಲೆಕ್ಕ. ಜೇನುಹುಳದ ಹಿಂಡು ಹೋದ ಹಾಗೆ ಜುಯ್ಯ್ ಅಂತ ಒಂದು ಸದ್ದು, ಬಣ್ಣದ ಒಂದು ಗೀರು. ಮುಗಿಯಿತು. ಸುಮಾರು ಎರಡು ನಿಮಿಷ ಬಿಸಿಲಲ್ಲಿ ಕಾಯಬೇಕು, ಮತ್ತೆ ಜುಯ್ಯ್. ಯಾರು ಮುಂದೆ, ಯಾರು ಹಿಂದೆ, ದೇವರಿಗೇ ಗೊತ್ತು.

ಮೇಸ್ತ್ರಿ ನಕ್ಕರು. "ಏನಪ್ಪಾ ಪೇಪರ್, ಓಡೋದನ್ನ ನೋಡೋಕ್ ಬಂದ್ಯಾ? ಓಡೋದನ್ನ ಯಾರು ಬೇಕಾದ್ರೂ ಮಾಡ್ತಾರೆ. ನಿಲ್ಸೋದನ್ನ ನೋಡು ಬಾ" ಎಂದು ಕೈ ಹಿಡಿದು ತಿರುವಿನ ಕಡೆಗೆ ಕರೆದುಕೊಂಡು ಹೋದರು.

ಎಲ್ಲಿ ನಿಂತರೆ ಏನು ಕಾಣುತ್ತೆ

ಅವತ್ತು ಮೇಸ್ತ್ರಿ ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಯಾವ ಟ್ರ್ಯಾಕಿಗೆ ಹೋದರೂ ಲೆಕ್ಕ ಇದೇ.

ಮೊದಲನೆಯದು, ಉದ್ದನೆಯ ನೇರ ದಾರಿ ಮುಗಿದು ತಿರುವು ಶುರುವಾಗುವ ಜಾಗ. ಅಲ್ಲೇ ಎಲ್ಲರೂ ಬ್ರೇಕು ಹಿಡಿಯಬೇಕು. ಒಬ್ಬ ಇಲ್ಲಿ ಹಿಡಿಯುತ್ತಾನೆ, ಧೈರ್ಯವಿದ್ದವನು ಇನ್ನೂ ನಾಲ್ಕು ಮಾರು ಮುಂದೆ ಹೋಗಿ ಹಿಡಿಯುತ್ತಾನೆ. ಆ ನಾಲ್ಕು ಮಾರಿನಲ್ಲೇ ರೇಸು ಇರುವುದು. ಹಿಂದಿದ್ದವನು ಒಳಗಡೆಯಿಂದ ನುಗ್ಗಿ ಮುಂದೆ ಬರುವುದು ಅಲ್ಲೇ. ದೆಹಲಿ ಹತ್ತಿರ ಗ್ರೇಟರ್ ನೋಯ್ಡಾದಲ್ಲಿ 2011, 2012, 2013 ಮೂರು ವರ್ಷ ಫಾರ್ಮುಲಾ ಒನ್ ಓಟ ನಡೆಯಿತು. ಮೂರನ್ನೂ ಗೆದ್ದವನು ಜರ್ಮನಿಯ ಸೆಬಾಸ್ಟಿಯನ್ ವೆಟ್ಟೆಲ್. ಆ ಟ್ರ್ಯಾಕು 5.125 ಕಿಲೋಮೀಟರು, ಹದಿನಾರು ತಿರುವು. ಅಲ್ಲಿ ಮೂರನೇ ತಿರುವಿನಿಂದ ನಾಲ್ಕನೇ ತಿರುವಿಗೆ ಒಂದು ಕಿಲೋಮೀಟರಿಗೂ ಮೀರಿದ ನೇರ ದಾರಿ. ಮುಂದಿನವನನ್ನು ಹಿಂದಿಕ್ಕಲು ಎಲ್ಲರೂ ಕಾಯುತ್ತಿದ್ದದ್ದು ಆ ನಾಲ್ಕನೇ ತಿರುವಿಗೆ. ಬಲ್ಲ ಪ್ರೇಕ್ಷಕ ಕೂರುತ್ತಿದ್ದದ್ದೂ ಅದರ ಎದುರಿಗೆ.

ಎರಡನೆಯದು, ಹಿಂತಿರುವು. ಬಸ್ಸು ಡಿಪೋದೊಳಗೆ ತಿರುಗಿಸಿಕೊಳ್ಳುವ ಹಾಗೆ ಹೋದ ದಿಕ್ಕಿಗೇ ವಾಪಸು ಬರುವ ತಿರುವು. ಅಲ್ಲಿ ವೇಗ ಬಹಳ ಕಮ್ಮಿ. ಅದಕ್ಕೇ ಹೊಸಬರು ಅತ್ತ ಹೋಗುವುದಿಲ್ಲ. ಆದರೆ ಓಡಿಸುವವನ ಕೈ, ಕಾಲು, ತಲೆ ಎಲ್ಲಾ ಕಾಣುವುದು ಅಲ್ಲೇ. ಬೈಕಿನವನು ಮೊಣಕಾಲು ನೆಲಕ್ಕೆ ತಾಗಿಸಿ ಬಗ್ಗುವುದನ್ನು ಕಣ್ಣು ತುಂಬ ನೋಡಬಹುದು. ಫೋಟೋ ತೆಗೆಯುವವರು ಅಲ್ಲಿ ಬೀಡು ಬಿಟ್ಟಿರುತ್ತಾರೆ.

ಮೂರನೆಯದು, ತಿರುವು ಮುಗಿಯುವ ಜಾಗ. ಯಾರು ಬೇಗ ಆಕ್ಸಿಲರೇಟರ್ ತಿರುಗಿಸುತ್ತಾನೋ ಅವನು ಮುಂದಿನ ನೇರ ದಾರಿಯ ಯಜಮಾನ. ಒಳ್ಳೆಯವನಿಗೂ ಬಹಳ ಒಳ್ಳೆಯವನಿಗೂ ಇರುವ ವ್ಯತ್ಯಾಸ ಅಲ್ಲಿ ಕಿವಿಗೇ ಕೇಳುತ್ತದೆ. ಇಬ್ಬರ ಇಂಜಿನ್ ಸದ್ದು ಯಾವ ಜಾಗದಲ್ಲಿ ಏರುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಕೇಳಿದರೆ ಸಾಕು. ಮೇಸ್ತ್ರಿ ಹಾಗೇ ಮಾಡಿದರು. ಹೇಳಿದ್ದು ತಪ್ಪಾಗಲಿಲ್ಲ.

ನಾಲ್ಕನೆಯದು, ಎತ್ತರ. ಮಣ್ಣಿನ ದಿಬ್ಬವೋ, ಗ್ಯಾಲರಿಯ ಮೇಲಿನ ಮೆಟ್ಟಿಲೋ, ಎತ್ತರದಲ್ಲಿ ನಿಂತರೆ ಎರಡು ಮೂರು ತಿರುವು ಒಟ್ಟಿಗೆ ಕಾಣುತ್ತವೆ. ಕೆಳಗೆ ಬೇಲಿಗೆ ಮೂಗು ಒತ್ತಿಕೊಂಡು ನಿಂತವನಿಗೆ ಬೇಲಿ ಮಾತ್ರ ಕಾಣುತ್ತದೆ.

ಐದನೆಯದು, ಬಾವುಟ ಕಾಣುವ ಜಾಗ. ಪ್ರತಿ ತಿರುವಿನಲ್ಲೂ ಮಾರ್ಷಲ್ ಎಂಬುವರು ಬಾವುಟ ಹಿಡಿದು ನಿಂತಿರುತ್ತಾರೆ. ಹಳದಿ ಅಂದರೆ ಮುಂದೆ ಅಪಾಯ, ಯಾರೂ ಯಾರನ್ನೂ ಹಿಂದಿಕ್ಕುವ ಹಾಗಿಲ್ಲ. ನೀಲಿ ಅಂದರೆ ಹಿಂದೆ ಜೋರಾಗಿ ಬರುವವನಿದ್ದಾನೆ, ನೋಡಿಕೊ. ಕೆಂಪು ಅಂದರೆ ಓಟ ನಿಲ್ಲಿಸಿ. ಹಸಿರು ಅಂದರೆ ದಾರಿ ಸರಿಯಾಗಿದೆ. ಕಪ್ಪು ಬಿಳಿ ಚೌಕುಳಿ ಅಂದರೆ ಮುಗಿಯಿತು. ಇಷ್ಟು ಗೊತ್ತಿದ್ದರೆ ಕಾಣದ ತಿರುವಿನಲ್ಲಿ ಏನಾಗಿದೆ ಎಂಬುದನ್ನು ನಿಂತಲ್ಲೇ ಓದಬಹುದು. ಈ ಮಾರ್ಷಲ್‌ಗಳಲ್ಲಿ ಬಹಳ ಮಂದಿ ಆಸಕ್ತಿಯಿಂದ ಬರುವ ಸ್ವಯಂಸೇವಕರು. ದಿನಪೂರ್ತಿ ಬಿಸಿಲಲ್ಲಿ ನಿಂತು ಬೇರೆಯವರ ಜೀವ ಕಾಯುವ ಕೆಲಸ.

ಇನ್ನು ಬೇಕಾದ್ದು ಟೋಪಿ, ನೀರಿನ ಬಾಟಲು, ಕಿವಿಗೆ ಹತ್ತಿ. ಸೂರ್ಯ ಬೆನ್ನಿಗಿರಬೇಕು, ಇಲ್ಲದಿದ್ದರೆ ಮಧ್ಯಾಹ್ನದ ಮೇಲೆ ಕಣ್ಣು ಬಿಡಲಾಗದು. ಓಟ ಯಾವತ್ತು, ಒಳಗೆ ಬಿಡುವ ಕ್ರಮ ಏನು ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಂಡು ಹೋಗುವುದು ಕ್ಷೇಮ.

ಎಲ್ಲಿ ನಿಲ್ಲಬಾರದು

ಇದು ಮುಖ್ಯ. ತಿರುವಿನ ಹೊರಬದಿಯಲ್ಲಿ, ನೆಲದ ಮಟ್ಟದಲ್ಲಿ, ಅಡ್ಡ ಏನೂ ಇಲ್ಲದ ಕಡೆ ನಿಲ್ಲಲೇಬಾರದು. ಯಾಕೆ? ನಮ್ಮ ಮಂಡಿಯಿಂದ ಹೊರಟ ಲಾರಿ ಜೋರಾಗಿ ಬಲಕ್ಕೆ ತಿರುಗಿದರೆ ಟೊಮೆಟೊ ಬಾಕ್ಸು ಯಾವ ಕಡೆ ಬೀಳುತ್ತದೆ? ಎಡಕ್ಕೆ. ತಿರುವಿನ ಹೊರಕ್ಕೆ. ಬೈಕೂ ಅಷ್ಟೇ, ಕಾರೂ ಅಷ್ಟೇ. ಹಿಡಿತ ತಪ್ಪಿದ ಗಾಡಿ ತಿರುಗುವುದಿಲ್ಲ, ಬಂದ ದಿಕ್ಕಿಗೇ ಸೀದಾ ಹೋಗುತ್ತದೆ. ಅದಕ್ಕೇ ಟ್ರ್ಯಾಕಿನಲ್ಲಿ ತಿರುವಿನ ಹೊರಬದಿಗೆ ಅಗಲವಾಗಿ ಖಾಲಿ ಜಾಗ ಬಿಟ್ಟು, ಜಲ್ಲಿ ಹಾಸಿ, ಅದರಾಚೆ ಹಳೇ ಟೈರಿನ ಗೋಡೆ ಕಟ್ಟಿರುತ್ತಾರೆ. ಇದೆಲ್ಲಾ ಆದಮೇಲೆ ಬೇಲಿ, ಬೇಲಿಯ ಹಿಂದೆ ಪ್ರೇಕ್ಷಕ.

ವೇಗದ ಲೆಕ್ಕ ಅಂಗಡಿ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಬರುವ ಬೈಕು ಒಂದು ಸೆಕೆಂಡಿಗೆ 20 ಮೀಟರು ಹೋಗುತ್ತದೆ. ಹತ್ತು ಅಡಿ ಅಗಲದ ಅಂಗಡಿ ಸಾಲಾಗಿದ್ದರೆ ಒಂದೇ ಸೆಕೆಂಡಿಗೆ ಆರೂವರೆ ಅಂಗಡಿ ದಾಟಿತು. ವೇಗ ಎರಡು ಪಟ್ಟಾಗಿ 144 ಆದರೆ ಹದಿಮೂರು ಅಂಗಡಿ. "ಅಯ್ಯೋ, ಬಂತು!" ಎಂದು ಬಾಯಿ ತೆರೆಯುವಷ್ಟರಲ್ಲಿ ಅದು ನಿಮ್ಮ ಹತ್ತಿರ ಇರುತ್ತದೆ. "ಬಂದರೆ ಪಕ್ಕಕ್ಕೆ ಹಾರ್ತೀನಿ ಬಿಡಿ" ಎನ್ನುವ ಡಿವೈಡರ್ ವೀರರು ಈ ಲೆಕ್ಕ ಒಂದು ಸಲ ಹಾಕಿ ನೋಡಲಿ.

ಬೇಲಿಯ ಬೆಲೆ ಜಗತ್ತಿಗೆ ಪುಕ್ಕಟೆ ಗೊತ್ತಾಗಲಿಲ್ಲ. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ ಎಂಬಲ್ಲಿ 24 ಗಂಟೆಯ ಓಟ ನಡೆಯುತ್ತಿತ್ತು. ಪಿಟ್‌ಗಳ ಎದುರು, ನೇರ ದಾರಿಯ ಪಕ್ಕ, ಮಣ್ಣಿನ ಏರಿಗೆ ಒತ್ತಿಕೊಂಡು ಜನ ನಿಂತಿದ್ದರು. ಒಂದು ಮರ್ಸಿಡಿಸ್ ಕಾರು ಮುಂದಿನ ಕಾರಿಗೆ ತಾಗಿ ಹಾರಿತು, ಏರಿಗೆ ಬಡಿಯಿತು, ಒಡೆದು ಚೂರಾಗಿ ಜನರ ಮೇಲೆ ಬಿತ್ತು. ಸತ್ತವರು ಎಂಬತ್ತಕ್ಕೂ ಹೆಚ್ಚು. ಮೋಟಾರು ಓಟದ ಚರಿತ್ರೆಯಲ್ಲೇ ಅಂಥ ದುರಂತ ಇನ್ನೊಂದಿಲ್ಲ. ಸ್ವಿಟ್ಜರ್‌ಲೆಂಡ್ ದೇಶ ಅದಾದ ಮೇಲೆ ಟ್ರ್ಯಾಕ್ ಓಟವನ್ನೇ ನಿಷೇಧಿಸಿತು. ಲ ಮಾನ್‌ನಲ್ಲಿ ಪಿಟ್ ಜಾಗವನ್ನು ಕೆಡವಿ ಹೊಸದಾಗಿ ಕಟ್ಟಿದರು.

ಎರಡು ವರ್ಷ ಬಿಟ್ಟು, 1957ರ ಮೇ 12ರಂದು ಇಟಲಿಯಲ್ಲಿ ಮಿಲ್ಲೆ ಮಿಲ್ಯಾ ಎಂಬ ಓಟ. ಇದು ಟ್ರ್ಯಾಕಿನದಲ್ಲ, ಊರುಗಳ ನಡುವಿನ ಸಾರ್ವಜನಿಕ ರಸ್ತೆಯದು. ಗ್ವಿದಿಜ್ಜೋಲೊ ಎಂಬ ಹಳ್ಳಿಯ ಹತ್ತಿರ ನೇರ ರಸ್ತೆಯಲ್ಲಿ ಒಂದು ಫೆರಾರಿ ಕಾರಿನ ಟೈರು ಸಿಡಿಯಿತು. ಕಾರಿನಲ್ಲಿದ್ದ ಇಬ್ಬರೂ, ದಾರಿ ಬದಿಯಲ್ಲಿ ನಿಂತು ನೋಡುತ್ತಿದ್ದ ಒಂಬತ್ತು ಜನರೂ ಸತ್ತರು. ಆ ಒಂಬತ್ತರಲ್ಲಿ ಐದು ಮಕ್ಕಳು. ರಸ್ತೆಯ ಮೇಲಿನ ಆ ವೇಗದ ಓಟಕ್ಕೆ ಅಲ್ಲಿಗೇ ಮಂಗಳ ಹಾಡಿದರು.

ಇಟಲಿಯ ಆ ಹಳ್ಳಿಯವರು ಮಾಡಿದ ತಪ್ಪೇನು? ನಮ್ಮ ಹಮಾಲಿ ಮಾಡಿದ್ದೇ. ಸುಮ್ಮನೆ ನೋಡುತ್ತಾ ನಿಂತಿದ್ದರು. ಅವರು ಎಪ್ಪತ್ತು ವರ್ಷದ ಹಿಂದೆ ಕಲಿತ ಪಾಠವನ್ನು ನಾವು ಭಾನುವಾರ ಭಾನುವಾರ ಹೊಸದಾಗಿ ಕಲಿಯಬೇಕೇ?

ಟ್ರ್ಯಾಕೂ ಹೂವಿನ ಹಾಸಿಗೆಯಲ್ಲ

ಹಾಗಂತ ಟ್ರ್ಯಾಕಿಗೆ ಹೋದರೆ ಎಲ್ಲಾ ಕ್ಷೇಮ ಎಂದು ಈ ಅಂಕಣ ಹೇಳುವುದಿಲ್ಲ. ಸುಳ್ಳು ಹೇಳಿ ಯಾರನ್ನೂ ಬಸ್ಸು ಹತ್ತಿಸಬಾರದು. 2023ರ ಜನವರಿಯಲ್ಲಿ ಇದೇ ಇರುಂಗಾಟ್ಟುಕೋಟೆಯಲ್ಲಿ ಹಿರಿಯ ಚಾಲಕ ಕೆ.ಇ. ಕುಮಾರ್ ಕಾರು ಮಗುಚಿ ತೀರಿಕೊಂಡರು. ಅದೇ ವರ್ಷದ ಆಗಸ್ಟ್ 5ರಂದು ನಮ್ಮ ಬೆಂಗಳೂರಿನ ಹುಡುಗನೊಬ್ಬ ಬೈಕ್ ಓಟದಲ್ಲಿ ಬಿದ್ದು ಪ್ರಾಣ ಬಿಟ್ಟ. ವಯಸ್ಸು ಹದಿಮೂರು. ಬಹಳ ಚುರುಕು ಹುಡುಗ, ಗೆಲ್ಲುತ್ತಾ ಬಂದಿದ್ದ. ಹದಿಮೂರು ವರ್ಷದ ಮಕ್ಕಳನ್ನು ಆ ವೇಗದಲ್ಲಿ ಓಡಿಸಬೇಕೇ ಎಂದು ಅವತ್ತು ದೇಶವೆಲ್ಲಾ ಕೇಳಿತು. ಕೇಳಬೇಕಾದ ಪ್ರಶ್ನೆಯೇ.

ಆದರೆ ವ್ಯತ್ಯಾಸ ಗಮನಿಸಿ. ಆ ಹುಡುಗನ ತಲೆಯ ಮೇಲೆ ಹೆಲ್ಮೆಟ್ ಇತ್ತು, ಮೈ ಮೇಲೆ ಕವಚ ಇತ್ತು, ಡಾಕ್ಟರೂ ಆಂಬುಲೆನ್ಸೂ ಟ್ರ್ಯಾಕಿನಲ್ಲೇ ಇದ್ದರು. ಓಟ ನಿಲ್ಲಿಸಿದರು, ಆ ವಾರದ ಉಳಿದ ರೇಸುಗಳನ್ನೆಲ್ಲಾ ರದ್ದು ಮಾಡಿದರು. ಅಷ್ಟೆಲ್ಲಾ ಇದ್ದೂ ಒಂದು ಜೀವ ಹೋಯಿತು. ಹಾಗಿದ್ದ ಮೇಲೆ ಹೆಲ್ಮೆಟ್ಟಿಲ್ಲದೆ, ಚಪ್ಪಲಿ ಕಾಲಲ್ಲಿ, ಎದುರಿಗೆ ಲಾರಿ ಬರುವ ರಸ್ತೆಯಲ್ಲಿ ಚಕ್ರ ಎತ್ತುವ ನಮ್ಮ ಹುಡುಗರ ಗತಿ ಏನು? ಇಲ್ಲಿ ಕೆಂಪು ಬಾವುಟ ತೋರಿಸುವವರು ಯಾರು? ಹಮಾಲಿ ಬಿದ್ದ ಸಂಜೆ ಅರ್ಧ ಗಂಟೆ ಬಿಟ್ಟು ಮತ್ತೆ ವೀಲಿಂಗು ಶುರುವಾಯಿತು ಎಂದು ಕಡಲೆಕಾಯಿ ಗಾಡಿಯವರೇ ಹೇಳಿದರು!

ಗೇಟು, ಬೇಲಿ, ಬಾವುಟ, ಆಂಬುಲೆನ್ಸು ಇದ್ದರೆ ಅದು ಕ್ರೀಡೆ. ಯಾವುದೂ ಇಲ್ಲದಿದ್ದರೆ ಅದಕ್ಕೆ ಬೇರೆ ಹೆಸರಿದೆ.

ಕಾನೂನು ಏನು ಹೇಳುತ್ತೆ

ಮೋಟಾರು ವಾಹನ ಕಾಯಿದೆಯ 189ನೇ ಕಲಂ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರಸ್ತೆಯಲ್ಲಿ ರೇಸು ಬಿಡುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ.

ಅಪ್ಪಂದಿರು ಕಿವಿಗೊಟ್ಟು ಕೇಳಬೇಕಾದ ಕಲಂ ಇನ್ನೊಂದಿದೆ: 199-ಎ. ಹದಿನೆಂಟು ತುಂಬದ ಹುಡುಗ ಗಾಡಿ ಓಡಿಸಿ ಅಪರಾಧ ಮಾಡಿದರೆ ತಪ್ಪಿತಸ್ಥ ಆಗುವುದು ಅವನ ಪೋಷಕ ಅಥವಾ ಗಾಡಿಯ ಮಾಲೀಕ. ಮೂರು ವರ್ಷದವರೆಗೆ ಜೈಲು, ಮೇಲೆ 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ವಯಸ್ಸಾಗುವವರೆಗೆ ಲೈಸೆನ್ಸು ಇಲ್ಲ. "ಅಂಗಡಿ ಸಾಮಾನು ತರೋಕೆ ಅಂತ ಕೀ ಕೊಟ್ಟೆ ಸಾರ್" ಎಂಬ ಮಾತು ನ್ಯಾಯಾಲಯದಲ್ಲಿ ಎಷ್ಟು ನಡೆಯುತ್ತದೆ ಎಂಬುದನ್ನು ಅಂಗಡಿಕಾರರು ವಕೀಲರನ್ನು ಕೇಳಿ ತಿಳಿದುಕೊಳ್ಳಲಿ.

ಇನ್ನು ಹಮಾಲಿಯಂಥವರ ಪಾಡು. ಗುದ್ದಿದ ಗಾಡಿ ಯಾವುದೆಂದು ಪತ್ತೆಯಾಗದ ಅಪಘಾತಕ್ಕೆ ಕೇಂದ್ರ ಸರ್ಕಾರದ ಪರಿಹಾರ ಯೋಜನೆ ಇದೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಮೂಳೆ ಮುರಿದದ್ದು ಕಾನೂನಿನ ಕಣ್ಣಿಗೆ ತೀವ್ರ ಗಾಯವೇ. ಪೊಲೀಸ್ ದೂರು, ಆಸ್ಪತ್ರೆ ಕಾಗದ ಇಟ್ಟು ತಾಲೂಕು ಅಥವಾ ಉಪವಿಭಾಗ ಮಟ್ಟದ ಅಧಿಕಾರಿಗೆ ಅರ್ಜಿ ಕೊಡಬೇಕು. ಇದನ್ನು ಹೇಳಿದಾಗ ಆ ಮನೆಯವರಿಗೆ ಆಶ್ಚರ್ಯ. ಯಾರೂ ಹೇಳಿರಲಿಲ್ಲ. ಅರ್ಜಿ ಬರೆದುಕೊಟ್ಟು ಬಂದಿದ್ದೇನೆ. ಅದು ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗುತ್ತದೆ ಎಂಬುದನ್ನು ಈ ಅಂಕಣ ಗಮನಿಸುತ್ತಿರುತ್ತದೆ.

ಮತ್ತೊಂದು ಮಾತು. ಬಿದ್ದವರನ್ನು ಎತ್ತಿದರೆ ಪೊಲೀಸ್ ಸ್ಟೇಷನ್ನಿಗೆ ಅಲೆಯಬೇಕು ಎಂಬ ಹಳೇ ಭಯ ಬಿಡಿ. 134-ಎ ಕಲಂ ಎಂಬುದೇ ಅದಕ್ಕಿದೆ, ನೆರವಾದವರಿಗೆ ರಕ್ಷಣೆ ಕೊಡುತ್ತದೆ. 108ಕ್ಕೋ 112ಕ್ಕೋ ಫೋನು ಮಾಡಿ. ಶಿಳ್ಳೆ ಹೊಡೆಯಲು ಇದ್ದ ಬಾಯಿ ಫೋನು ಮಾಡಲೂ ಇರಲಿ.

ಹುಡುಗರ ತಪ್ಪೊಂದೇ ಅಲ್ಲ

ಹುಡುಗರಿಗೆ ಬೈದು ಅಂಕಣ ಮುಗಿಸುವುದು ಸುಲಭ. ನರಸಾಪುರದಲ್ಲಿ ದೇಶಕ್ಕೆಲ್ಲಾ ದ್ವಿಚಕ್ರ ವಾಹನ ತಯಾರಾಗುವ ಜಿಲ್ಲೆ ನಮ್ಮದು. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಕೆ.ಜಿ.ಎಫ್. ಕಡೆಯಿಂದ ಶ್ರೀಪೆರಂಬುದೂರಿಗೆ ಎಕ್ಸ್‌ಪ್ರೆಸ್‌ವೇ ಹಾಕಿದ್ದಾರೆ. ನಮ್ಮ ರಾಜ್ಯದ 71 ಕಿಲೋಮೀಟರ್ ಭಾಗ 2024ರ ಕೊನೆಗೆ ತೆರೆದುಕೊಂಡಿತು. ಬೆಣ್ಣೆಯಂಥ ರಸ್ತೆ ಹಾಕಿ, ಕೈಗೆ ಗಾಡಿ ಕೊಟ್ಟು, ವೇಗವಾಗಿ ಹೋಗಬೇಡ ಎಂದರೆ ಹದಿನೆಂಟರ ರಕ್ತ ಕೇಳುತ್ತದೆಯೇ?

ಅದೇ ರಕ್ತ ಸರಿಯಾದ ಜಾಗಕ್ಕೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕಾರ್ ರ‍್ಯಾಲಿ ಓಡಿಸಿದ ಮೊದಲ ಭಾರತೀಯ. ಅವರೇ ಮುಂದೆ ನಮ್ಮ ಕೋಲಾರದ ಮಗ್ಗುಲಲ್ಲಿ ಬಿಗ್ ರಾಕ್ ಎಂಬ ಮಣ್ಣಿನ ಟ್ರ್ಯಾಕು ಮಾಡಿದರು. 2021ರ ಡಾಕಾರ್‌ನಲ್ಲಿ ಬಿದ್ದು ಸಾವಿನ ಬಾಗಿಲು ತಟ್ಟಿ ವಾಪಸು ಬಂದರು. ಅವರಷ್ಟು ಪಳಗಿದವರಿಗೇ ಹಾಗಾಯಿತು ಎಂಬುದನ್ನು ನಮ್ಮ ವೀಲಿಂಗು ಶೂರರು ನೆನಪಿಡಲಿ. ಬೆಂಗಳೂರಿನದೇ ಹೆಣ್ಣುಮಗಳು ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದು ಬಂದರು. ಇವರು ಯಾರೂ ಡೂಂಲೈಟ್ ಸರ್ಕಲ್ಲಿನಲ್ಲಿ ಚಕ್ರ ಎತ್ತಿ ದೊಡ್ಡವರಾದವರಲ್ಲ.

ನಿಜ ಹೇಳಬೇಕೆಂದರೆ ಅರ್ಧ ತಪ್ಪು ನೋಡುವವರದು. ಖಾಲಿ ರಸ್ತೆಯಲ್ಲಿ ಯಾವ ಹುಡುಗನೂ ಚಕ್ರ ಎತ್ತುವುದಿಲ್ಲ. ಪ್ರೇಕ್ಷಕನಿಲ್ಲದ ನಾಟಕ ನಡೆಯುತ್ತದೆಯೇ? ಡಿವೈಡರ್ ಮೇಲಿನ ಐವತ್ತು ಜನ ಎರಡು ಭಾನುವಾರ ಮನೆಯಲ್ಲಿ ಕೂತರೆ ಮೂರನೇ ಭಾನುವಾರ ಹುಡುಗರೂ ಮನೆಯಲ್ಲಿ ಕೂರುತ್ತಾರೆ. ಪೊಲೀಸರೂ ಬೇಡ, ದಂಡವೂ ಬೇಡ. ಈ ಮಾತು ಬರೆಯುತ್ತಿರುವವನೂ ಎರಡು ಭಾನುವಾರ ಆ ಕಟ್ಟೆ ಮೇಲೆ ನಿಂತು ನೋಡಿದವನೇ. ವರದಿಗಾಗಿ ಎಂದು ನೆಪ ಹೇಳಬಹುದು. ಆದರೆ ಹುಡುಗನ ಕಣ್ಣಿಗೆ ನಾನೂ ಒಬ್ಬ ಪ್ರೇಕ್ಷಕನೇ. ಆ ಪಾಲು ನನಗೂ ಸಲ್ಲಬೇಕು.

ಸಂಬಂಧಪಟ್ಟವರ ಗಮನಕ್ಕೆ

ಕೆಲಸ ದೊಡ್ಡದೇನಲ್ಲ. ಭಾನುವಾರ ಸಂಜೆ ಐದರಿಂದ ಎಂಟರವರೆಗೆ ಆ ಜಾಗದಲ್ಲಿ ಒಂದು ಪೊಲೀಸ್ ಜೀಪು ನಿಲ್ಲಲಿ. ಅಟ್ಟಿಸಿಕೊಂಡು ಹೋಗುವುದು ಬೇಡ, ಅದರಿಂದ ಇನ್ನೊಂದು ಅಪಘಾತ ಆದೀತು. ಸುಮ್ಮನೆ ನಿಂತರೆ ಸಾಕು. ಡಿವೈಡರ್ ಮೇಲೆ ಜನ ಹತ್ತದ ಹಾಗೆ ಹೆದ್ದಾರಿಯವರು ಕಂಬಿ ಹಾಕಲಿ. ಸೈಲೆನ್ಸರ್ ಕಿತ್ತುಕೊಡುವ ಗ್ಯಾರೇಜುಗಳು ಯಾವುವು ಎಂಬುದು ಸಾರಿಗೆ ಇಲಾಖೆಗೆ ಗೊತ್ತಿಲ್ಲದ್ದಲ್ಲ, ಹೋಗಿ ಒಂದು ಮಾತು ಹೇಳಲಿ.

ಕಾಲೇಜುಗಳಿಗೆ ಒಂದು ಸಲಹೆ. ವರ್ಷಕ್ಕೊಂದು ಪ್ರವಾಸ ಹೋಗುತ್ತೀರಿ. ಒಂದು ವರ್ಷ ಇರುಂಗಾಟ್ಟುಕೋಟೆಗೆ ಹೋಗಿ. ಓಟ ಇರುವ ದಿನ ನೋಡಿ ಬಸ್ಸು ಮಾಡಿ. ನಮ್ಮ ವೀಲಿಂಗು ಹುಡುಗರನ್ನೇ ಮೊದಲ ಸೀಟಿನಲ್ಲಿ ಕೂರಿಸಿ. ಬ್ರೇಕು ಹಿಡಿಯುವ ತಿರುವಿನ ಎದುರು, ಬೇಲಿಯ ಹಿಂದೆ, ಎತ್ತರದ ಮೆಟ್ಟಿಲ ಮೇಲೆ ನಿಲ್ಲಿಸಿ ತೋರಿಸಿ. ನಿಜವಾದ ಓಟಗಾರ ಮುಂದಿನ ಚಕ್ರ ಎತ್ತಲು ಹೋಗುವುದಿಲ್ಲ, ಅದು ನೆಲಕ್ಕೆ ಅಂಟಿಕೊಂಡಿರಲಿ ಎಂದೇ ಹೆಣಗುತ್ತಾನೆ ಎಂಬುದನ್ನು ಅವರ ಕಣ್ಣಾರೆ ಕಾಣಲಿ. ಚಕ್ರ ಮೇಲೆದ್ದರೆ ವೇಗ ಹೋಯಿತು ಎಂದೇ ಅಲ್ಲಿನ ಲೆಕ್ಕ.

ಮೊನ್ನೆ ಮೇಸ್ತ್ರಿಗೆ ಈ ಅಂಕಣ ಬರೆಯುವ ವಿಷಯ ಹೇಳಿದೆ. ಅವರು ಕೈಯ ಗ್ರೀಸು ಒರೆಸಿಕೊಳ್ಳುತ್ತಾ, "ಬರಿ, ಬರಿ. ಆ ಹಮಾಲಿ ಅಣ್ಣನಿಗೂ ಹೇಳು. ಕಾಲು ಕೂಡಲಿ, ಮುಂದಿನ ಸಲ ಹೋಗುವಾಗ ಅವರನ್ನೂ ಕರ್ಕೊಂಡ್ ಹೋಗೋಣ" ಎಂದರು.

ಹಮಾಲಿಗೆ ಹೇಳಿದೆ. ನಕ್ಕರು. ಅವರ ಹೆಂಡತಿ ನಗಲಿಲ್ಲ. "ಮೊದಲು ಕೆಲಸಕ್ಕೆ ಹೋಗಲಿ" ಎಂದರು.

ಆಕೆಯ ಮಾತೇ ಸರಿ. ಅರ್ಜಿ ಯಾರ ಮೇಜಿನ ಮೇಲಿದೆಯೋ ಆ ಅಧಿಕಾರಿಗಳು ಇದನ್ನು ಓದಿದರೆ ಸಾಕು.